ಸೀರಿಯಲ್ಲಿನ ಹಲ್ಲಿ ನುಡಿದಾಗ

ಹೋದ ಭಾನುವಾರ ಬೆಳಿಗ್ಗೆ ನಾನು ಒಂದು ಹಲ್ಲಿ ಮಾತಾಡಲಿ ಅಂತ ಕಾದು ಕೂತಿದ್ದೆ.

ನಾನೊಬ್ಬಳೇ ಅಲ್ಲ. ನಮ್ಮತ್ತೆ ಮನೆಯ ನಡುಮನೆ ತುಂಬಾ ಜನ. ಜರಿಪಂಚೆ ಉಟ್ಟ ದೊಡ್ಡವರು, ರೇಷ್ಮೆ ಸೀರೆಯ ಹೆಂಗಸರು, ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡು ಗೋಡೆ ನೋಡುತ್ತಿದ್ದರು. ಕೆಮ್ಮು ಬಂದವರು ಹಾಗೇ ನುಂಗಿಕೊಂಡರು. ಫ್ಯಾನ್ ಕೂಡ ಆಫ್. (ಸದ್ದು ಮಾಡುತ್ತದಂತೆ. ಬೋಡಿನಾಯಕನೂರಿನ ಬೆಟ್ಟದಿಂದ ಗಾಳಿ ಬರುತ್ತದಲ್ಲ ಅಂದರು. ಅವತ್ತು ಅದೂ ರಜೆ ಹಾಕಿತ್ತು.)

ಗೋಡೆ ಮೇಲೆ ಹಲ್ಲಿ ಇರಲಿಲ್ಲವೇ? ಇತ್ತು. ಟ್ಯೂಬ್‌ಲೈಟಿನ ಪಕ್ಕದಲ್ಲಿ ಹೊಟ್ಟೆ ತುಂಬಿದ ಹಲ್ಲಿಯೊಂದು ನಮ್ಮನ್ನೆಲ್ಲ ನೋಡುತ್ತಾ ಅಲ್ಲಾಡದೆ ಕೂತಿತ್ತು. ಮಾತಿಲ್ಲ, ಕತೆಯಿಲ್ಲ.

ನನ್ನ ಗಂಡನ ಊರು ತಮಿಳುನಾಡಿನ ತೇನಿಯಿಂದ ಆಚೆ, ಕಂಬಂ ಕಣಿವೆಯಲ್ಲಿ. ಇವರ ಹಿರೀಕರು ಯಾವ ಕಾಲದಲ್ಲೋ ದನ ಹೊಡೆದುಕೊಂಡು ಕನ್ನಡ ನಾಡಿನಿಂದ ಇಳಿದು ಹೋದವರು. ಅಲ್ಲೇ ಉತ್ತರು, ಬಿತ್ತರು, ಉಳಿದರು. ಮನೆಯೊಳಗೆ ಕನ್ನಡ, ಹೊಸಲು ದಾಟಿದರೆ ತಮಿಳು. ಅವರ ಕನ್ನಡ ನನಗೆ ಮುಕ್ಕಾಲು ಅರ್ಥವಾಗುತ್ತದೆ. ನನ್ನ ಮೈಸೂರು ಕನ್ನಡ ಅವರಿಗೆ ರೇಡಿಯೋ ವಾರ್ತೆ. ನಾನು ಬಾಯಿ ತೆರೆದರೆ ಮಕ್ಕಳು ನಗುತ್ತವೆ.

ಅವರಲ್ಲಿ ಹೆಣ್ಣು ಗಂಡು ಒಪ್ಪಿದರೆ ಸಾಲದು. ಹಲ್ಲಿಯೂ ಒಪ್ಪಬೇಕು. ಹಲ್ಲಿಗೆ ಅವರು ಗೌಳಿ ಅನ್ನುತ್ತಾರೆ. ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಬಂದು ಪೂರ್ವಕ್ಕೆ ಮುಖ ಮಾಡಿ ಕೂರಬೇಕು. ಗೌಳಿ ಬಲಗಡೆಯಿಂದ ಲೊಚಗುಟ್ಟಿದರೆ ತಾಂಬೂಲ. ಎಡಗಡೆಯಿಂದ ಲೊಚಗುಟ್ಟಿದರೆ ಕಾಫಿ ಕುಡಿದು ವಾಪಸ್. ಲೊಚಗುಟ್ಟದೇ ಹೋದರೆ ‘ಇನ್ನೊಂದು ದಿನ ಬರ್ತೀವಿ’ ಅನ್ನುತ್ತಾರೆ. ಬರುವುದಿಲ್ಲ.

ನಗಬೇಡಿ. ಮೈಸೂರಿನಲ್ಲಿ ನಮ್ಮ ಪಕ್ಕದ ಮನೆಯವರು ಮೊನ್ನೆ ತಾನೇ ಮಗನ ಜಾತಕವನ್ನು ಕಂಪ್ಯೂಟರಿಗೆ ಹಾಕಿಸಿಕೊಂಡು ಬಂದರು. ಕಂಪ್ಯೂಟರ್ ‘ಬೇಡ’ ಅಂದಿತು. ಬಂಗಾರದಂಥ ಹುಡುಗಿಯನ್ನು ಬಿಟ್ಟರು. ಹಲ್ಲಿಗಾದರೂ ಜೀವವಿದೆಯಲ್ಲ ಸ್ವಾಮಿ.

ಹೋದ ಭಾನುವಾರ ಎಲ್ಲರೂ ಕಾದು ಕೂತಿದ್ದು ನನ್ನ ನಾದಿನಿ ರಾಜೇಶ್ವರಿಗಾಗಿ. ನಮಗೆಲ್ಲ ರಾಜಿ. ಊರಿನ ಸ್ಕೂಲೊಂದರಲ್ಲಿ ಸೈನ್ಸ್ ಟೀಚರ್. ವಯಸ್ಸು ಮೂವತ್ತು ದಾಟಿದೆ. ಹಿಂದೆ ಬಂದ ಸಂಬಂಧಗಳೆಲ್ಲ ಒಂದೊಂದಾಗಿ ಹಲ್ಲಿಯ ಪಾಲಾದವು. ಒಮ್ಮೆ ಎಡಗಡೆಯಿಂದ ನುಡಿಯಿತು. ಒಮ್ಮೆ ನುಡಿಯಲೇ ಇಲ್ಲ. ಇನ್ನೊಮ್ಮೆ ಬಲಗಡೆಯಿಂದಲೇ ನುಡಿದಿತ್ತು, ಆದರೆ ಅದೇ ಹೊತ್ತಿಗೆ ಯಾರೋ ಸೀನಿದರು. ಎಲ್ಲ ಮುಗಿದ ಮೇಲೆ ರಾಜಿ ಕಾಫಿ ಲೋಟ ತೊಳೆದಿಟ್ಟು, ಮಕ್ಕಳ ಟೆಸ್ಟ್ ಪೇಪರ್ ತಿದ್ದಲು ಕೂರುತ್ತಿದ್ದಳು. ಆ ಮನೆಯಲ್ಲಿ ಯಾರ ಮೇಲಾದರೂ ನನಗೆ ಕರುಳು ಚುರ್ ಅಂದಿದ್ದರೆ ಅದು ಹಾಗೆ ಪೇಪರ್ ತಿದ್ದುವ ರಾಜಿಯ ಮೇಲೆ.

ಈಗ ಸೀರಿಯಲ್ಲಿನ ವಿಷಯಕ್ಕೆ ಬರುತ್ತೇನೆ.

ನನ್ನ ಮೈದುನ ರಂಗರಾಜು ಊರಿನ ಕೇಬಲ್ ಟೀವಿಯವನು. ಮಹಡಿ ಮೇಲೆ ದೊಡ್ಡ ಡಿಶ್ ಇದೆ. ಮೊದಲು ಏಲಕ್ಕಿ ತುಂಬುತ್ತಿದ್ದ ಗೋಡೌನಿನಲ್ಲಿ ಈಗ ಅವನ ಕಂಟ್ರೋಲ್ ರೂಮ್. (ಅಲ್ಲಿ ವೈರುಗಳೂ ಏಲಕ್ಕಿ ಘಮಘಮ ಅನ್ನುತ್ತವೆ.) ಊರಿಗೆಂದೇ ಒಂದು ಚಾನೆಲ್ ಇಟ್ಟುಕೊಂಡಿದ್ದಾನೆ. ಅದರಲ್ಲಿ ಅವರಿವರ ಮದುವೆ ಕ್ಯಾಸೆಟ್ ಹಾಕುತ್ತಿದ್ದ. ಜನ ತಮ್ಮ ಮದುವೆಯನ್ನು ತಾವೇ ಎಷ್ಟು ಸಲ ನೋಡಿಯಾರು? ಬೇಜಾರು ಬಂತು.

ಆಗ ಇವನಿಗೆ ಹುಚ್ಚು ಹಿಡಿಯಿತು. ಮದುವೆ ಶೂಟ್ ಮಾಡುವ ಅದೇ ಕ್ಯಾಮೆರಾದಲ್ಲಿ ಒಂದು ಸೈನ್ಸ್ ಫಿಕ್ಷನ್ ಸೀರಿಯಲ್ ತೆಗೆಯಲು ಶುರು ಮಾಡಿದ. ಹೆಸರು ‘ವಿಂಜ್ಞಾನಿ ವೀದಿ’. ವಿಜ್ಞಾನಿಗಳ ಬೀದಿ ಅಂತ ಅರ್ಥ. ಪ್ರತಿ ಭಾನುವಾರ ಬೆಳಿಗ್ಗೆ.

ಕತೆ ಇಷ್ಟೇ. ಬೆಟ್ಟದ ಬುಡದ ಪುಟ್ಟ ಊರೊಂದರಲ್ಲಿ ಮೂವರು ವಿಜ್ಞಾನಿಗಳಿದ್ದಾರೆ. ವಾರಕ್ಕೊಂದು ಯಂತ್ರ ಕಂಡುಹಿಡಿಯುತ್ತಾರೆ, ವಾರಕ್ಕೊಂದು ಎಡವಟ್ಟು ಮಾಡುತ್ತಾರೆ. ಒಬ್ಬ ವಿಜ್ಞಾನಿ ರಿಟೈರ್ಡ್ ಹೆಡ್‌ಮಾಸ್ಟರು. ಇನ್ನೊಬ್ಬ ಬಸ್‌ಸ್ಟ್ಯಾಂಡಿನ ಟೈಲರ್. ಮೂರನೆಯವಳು, ಮುಖ್ಯ ವಿಜ್ಞಾನಿ ಡಾಕ್ಟರ್ ತಾಮರೈ, ನಮ್ಮ ರಾಜಿ. ಹಳೆಯ ಬೆಡ್‌ಶೀಟಿನಲ್ಲಿ ಟೈಲರೇ ಹೊಲಿದುಕೊಟ್ಟ ಬಿಳಿ ಕೋಟು ಹಾಕಿಕೊಂಡು ಎಷ್ಟು ಚೆಂದ ಕಾಣುತ್ತಾಳೆ ಅಂದರೆ, ಅದನ್ನು ಬಿಚ್ಚುವುದೇ ಬೇಡ ಅನ್ನಿಸುತ್ತದೆ. ಕತೆ ಬರೆಯುವವಳೂ ಅವಳೇ.

ಒಂದು ವಾರ ಟೈಲರು ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯುವ ಟ್ಯಾಂಕನ್ನು ಬೆನ್ನಿಗೆ ಕಟ್ಟಿಕೊಂಡು ಚಂದ್ರಲೋಕಕ್ಕೆ ಹೋದ. (ಚಂದ್ರಲೋಕ ಅಂದರೆ ಊರಾಚೆಯ ಕಲ್ಲುಗಣಿ.) ಇನ್ನೊಂದು ವಾರ ನಮ್ಮತ್ತೆಯ ಗ್ರೈಂಡರೇ ಟೈಮ್ ಮಶೀನ್. ಅದನ್ನು ಹಿಂದುಮುಂದಾಗಿ ತಿರುಗಿಸಿದರೆ ನಿನ್ನೆಗೆ ಹೋಗಬಹುದು. ಹೆಡ್‌ಮಾಸ್ಟರು ನಿನ್ನೆಗೆ ಹೋದರು. ನಿನ್ನೆಯ ಇಡ್ಲಿ ಬಿಸಿಯಾಗಿರುವಾಗಲೇ ತಿಂದು ಬಂದರು. ಅಷ್ಟೇ ಎಪಿಸೋಡು. ನಾನು ನಕ್ಕು ನಕ್ಕು ಕಣ್ಣು ಒರೆಸಿಕೊಂಡೆ.

ದೊಡ್ಡ ಚಾನೆಲ್ಲುಗಳಲ್ಲಿ ವಿಜ್ಞಾನಿಗಳನ್ನು ನೋಡಿದ್ದೀರಲ್ಲ? ಗಾಜಿನ ಕೋಣೆ, ಸ್ಟೀಲಿನ ಬಾಗಿಲು, ಗಂಟು ಮುಖ. ರಾಜಿಯ ವಿಜ್ಞಾನಿಗಳು ಮಧ್ಯಾಹ್ನ ಊಟಕ್ಕೆ ಮನೆಗೆ ಬರುತ್ತಾರೆ. ಯಂತ್ರ ಕೆಟ್ಟರೆ ಪಕ್ಕದ ಮನೆಯಿಂದ ಸ್ಕ್ರೂಡ್ರೈವರ್ ಕೇಳಿ ತರುತ್ತಾರೆ. ಲೋಕ ಉಳಿಸುವ ಉಸಾಬರಿ ಅವರಿಗಿಲ್ಲ. ಪಕ್ಕದ ಬೀದಿ ಉಳಿದರೆ ಸಾಕು.

ರಂಗ ಹಳೆಯ ಕ್ಯಾಸೆಟ್ಟುಗಳನ್ನು ಬಸ್ಸಿನಲ್ಲಿ ವೇದಸಂದೂರಿಗೆ ಕಳಿಸುತ್ತಾನೆ. ಅಲ್ಲಿನ ಕೇಬಲ್‌ನವನು ಅವನ ದೋಸ್ತ್. ಹೀಗೆ ಆ ಊರಿನಲ್ಲೂ ಡಾಕ್ಟರ್ ತಾಮರೈಗೆ ಒಬ್ಬ ಅಭಿಮಾನಿ ಹುಟ್ಟಿಕೊಂಡ. ಹೆಸರು ಮುರುಗೇಶ. ನೂಲಿನ ಮಿಲ್ಲುಗಳಿಗೆ ಬಿಡಿಭಾಗ ಮಾಡಿಕೊಡುವ ಲೇತ್ ವರ್ಕ್‌ಶಾಪ್ ಇಟ್ಟಿದ್ದಾನೆ. ಇವರದೇ ಜನ, ಮನೆಯಲ್ಲಿ ಇವರದೇ ಕನ್ನಡ.

ದಿಂಡಿಗಲ್ಲಿನಲ್ಲಿ ಒಂದು ಮದುವೆ ಊಟದ ಪಂಕ್ತಿಯಲ್ಲಿ ಅವನು ರಾಜಿಯನ್ನು ಕೇಳಿದನಂತೆ, “ಬಸ್ ಬರೋದ್ನ ಮುಂಚೇನೇ ಸೊಲ್ಲೋ ಮಿಷಿನ್ ಒಳ್ಗೆ ಏನ್ ಇಟ್ಟಿದ್ರಿ?” (ಸೊಲ್ಲೋ ಅಂದರೆ ಹೇಳುವ. ಅದು ಇನ್ನೊಂದು ವಾರದ ಯಂತ್ರ.)

“ರಂಗನ ಅಲಾರಂ ಗಡಿಯಾರ.”

“ಒಂದು ಗಾಲಿ ಇಟ್ರೆ ನಿಜವಾಗ್ಲೂ ಸುತ್ತುತ್ತೆ. ಮಾಡಿ ಕಳಿಸ್ಲಾ?”

ಮುಂದಿನ ವಾರ ಬಸ್ಸಿನಲ್ಲಿ ವಾಪಸ್ ಬಂದ ಕ್ಯಾಸೆಟ್ಟಿನ ಜೊತೆ ಪುಟ್ಟದೊಂದು ಹಿತ್ತಾಳೆಯ ಹಲ್ಲುಗಾಲಿ ಬಂತು. ಬೇರೆ ಹುಡುಗರು ಹೂವು ಕಳಿಸುತ್ತಾರೆ, ಇವನು ಗೇರ್ ಕಳಿಸಿದ. ಹಿಂದಿನ ಸಲ ನಾನು ಹೋದಾಗ ಇದನ್ನು ಹೇಳುತ್ತಿದ್ದ ರಾಜಿಯ ಮುಖ ನೋಡಬೇಕಿತ್ತು. “ಅಣ್ಣೀ,” ಅಂದಳು, (ಅತ್ತಿಗೆಯನ್ನು ಅಲ್ಲಿ ಹಾಗೆ ಕರೆಯುತ್ತಾರೆ) “ಇವ್ರು ಯಂತ್ರದ ಒಳ್ಗೆ ಏನೈತೆ ಅಂತ ಕೇಳಿದ್ರು. ಬಂದವ್ರೆಲ್ಲ ನಾನು ಎಷ್ಟು ಕೆಂಪಗವ್ನಿ ಅಂತ ಮಾತ್ರ ನೋಡಿದ್ರು.”

ನನಗೆ ಅಷ್ಟು ಸಾಕಾಯಿತು. ಆಮೇಲೆ ಅವರ ಕಡೆಯಿಂದ ಹೆಣ್ಣು ಕೇಳಿ ಮಾತು ಬಂತು. ಈ ಸಂಬಂಧ ಮಾತ್ರ ಹಲ್ಲಿಯ ಬಾಯಿಗೆ ಬೀಳದಿರಲಪ್ಪಾ ಅಂತ ಮೈಸೂರಿನಿಂದ ಹೊರಡುವಾಗಲೇ ಚಾಮುಂಡಿಗೆ ಕೈಮುಗಿದಿದ್ದೆ. (ಹಲ್ಲಿಯನ್ನು ನಂಬುವುದಿಲ್ಲ, ಚಾಮುಂಡಿಗೆ ಅರ್ಜಿ ಹಾಕುತ್ತೇನೆ. ನಾನು ಬಹಳ ವೈಚಾರಿಕ ಹೆಂಗಸು.)

ನಾನು ಹೋಗಿ ಇಳಿದಾಗ ಮನೆಯಲ್ಲಿ ಶೂಟಿಂಗ್ ನಡೆಯುತ್ತಿತ್ತು. ಆ ವಾರದ ಎಪಿಸೋಡು ಏನು ಗೊತ್ತೇ? ಗೌಳಿ ಯಂತ್ರ.

ಊರಿನಲ್ಲಿ ಹಲ್ಲಿಗಳು ಮಾತು ಬಿಟ್ಟಿವೆ. ಮದುವೆಗಳೆಲ್ಲ ನಿಂತಿವೆ. ವಿಜ್ಞಾನಿಗಳು ಒಂದು ಯಂತ್ರ ಮಾಡುತ್ತಾರೆ. ಗುಂಡಿ ಒತ್ತಿದರೆ ಲೊಚಗುಟ್ಟುತ್ತದೆ, ಯಾವಾಗಲೂ ಬಲಗಡೆಯಿಂದಲೇ. ಊರಿಗೆ ಊರೇ ಮದುವೆ. ಅತ್ತೆಯಾಗಬೇಕಾದವಳು ಮದುಮಗಳಾಗುತ್ತಾಳೆ, ಜಗಳವಾಡಿಕೊಂಡವರು ಬೀಗರಾಗುತ್ತಾರೆ. ಕೊನೆಯಲ್ಲಿ ಡಾಕ್ಟರ್ ತಾಮರೈ ಯಂತ್ರವನ್ನು ಒಡೆದು ಹಾಕುತ್ತಾಳೆ. ಎಲ್ಲದಕ್ಕೂ ಹೌದು ಅನ್ನುವ ಯಂತ್ರ ಯಾರಿಗೂ ಹೌದು ಅಂದಂತಲ್ಲ ಅನ್ನುತ್ತಾಳೆ. ಇದನ್ನು ರಾಜಿ ತಮಾಷೆಗೇ ಬರೆದಿದ್ದಳು. ನಾನು ಮಾತ್ರ ಆ ಮಾತನ್ನು ಇನ್ನೊಮ್ಮೆ ಹೇಳಿಸಿ ಕೇಳಿದೆ.

ಸೌಂಡ್ ಎಫೆಕ್ಟಿಗೆ ನಿಜವಾದ ಹಲ್ಲಿಯೇ ಬೇಕು ಅಂತ ರಂಗನ ಹಟ. ಟೇಪ್ ರೆಕಾರ್ಡರ್ ಹಿಡಿದುಕೊಂಡು ಅಡುಗೆಮನೆಯಲ್ಲಿ ಕೂತ. ಬೇಕಾದಾಗ ಯಾವ ಹಲ್ಲಿ ನುಡಿಯುತ್ತದೆ? ಸಂಜೆವರೆಗೂ ಕೂತ ಮೇಲೆ ಸೂರಿನಿಂದ ಒಂದು ಹಲ್ಲಿ ಲೊಚ್ ಲೊಚ್ ಲೊಚ್ ಅಂದಿತು. ಅದೇ ಗಳಿಗೆಗೆ ನಮ್ಮತ್ತೆಯ ಕೈಯಿಂದ ಸೌಟು ಜಾರಿ ಹಿತ್ತಾಳೆ ಅಂಡೆಯ ಮೇಲೆ ಬಿತ್ತು. ಟಣ್. ಅದನ್ನು ಕತ್ತರಿಸಲು ರಂಗನಿಗೆ ಬರಲಿಲ್ಲ. “ಇರ್ಲಿ ಅಣ್ಣೀ, ಯಂತ್ರ ಅಲ್ವಾ, ಟಣ್ ಅಂದ್ರೂ ಪರವಾಯಿಲ್ಲೆ,” ಅಂದ.

ಭಾನುವಾರ ಬಂತು. ವೇದಸಂದೂರಿನವರು ವ್ಯಾನ್ ಮಾಡಿಕೊಂಡು ಬಂದರು. ಮುರುಗೇಶ, ಅವನ ಅಪ್ಪ ಅಮ್ಮ, ದೊಡ್ಡಪ್ಪ, ಇನ್ನೂ ಕೆಲವರು. ಎಲ್ಲರಿಗಿಂತ ಮುಖ್ಯವಾಗಿ ಅವನ ಅಜ್ಜಿ. ಅಜ್ಜಿಗೆ ಇವರು ಅವ್ವ ಅನ್ನುತ್ತಾರೆ. ಸಣ್ಣ ಜೀವ, ದೊಡ್ಡ ಮೂಗುತಿ. ಆ ಮನೆಯಲ್ಲಿ ಅವ್ವ ಹೂಂ ಅನ್ನದೆ ಒಲೆ ಹತ್ತುವುದಿಲ್ಲವಂತೆ.

ರಂಗ ಬೆಳಿಗ್ಗೆಯೇ ಕಂಟ್ರೋಲ್ ರೂಮಿಗೆ ಓಡಿ, ಹೊತ್ತಾದಾಗ ಕ್ಯಾಸೆಟ್ ಹಾಕಿ ಗುಂಡಿ ಒತ್ತಿ ಓಡಿ ಬಂದಿದ್ದ. ಮನೆಯ ಟೀವಿಗೆ ಬಟ್ಟೆ ಮುಚ್ಚಿತ್ತು. ಗಂಡಸರು ಪೂರ್ವಕ್ಕೆ ಮುಖ ಮಾಡಿ ಕೂತರು. ಹೆಂಗಸರು ಅವರ ಬಲಗಡೆಯ ಗೋಡೆಯ ಪಕ್ಕ ಚಾಪೆ ಮೇಲೆ. ನನ್ನ ಮಗ್ಗುಲಲ್ಲೇ ಗೋಡೆಗೊರಗಿ ಅವ್ವ. ರಾಜಿ ಎದುರಿಗೆ ಅಡುಗೆಮನೆ ಬಾಗಿಲಲ್ಲಿ.

ಕೂತೆವು. ಕೂತೇ ಇದ್ದೆವು. ಟ್ಯೂಬ್‌ಲೈಟಿನ ಹಲ್ಲಿ ಆಗಲೇ ಹೇಳಿದೆನಲ್ಲ, ಮೌನವ್ರತ. ಮುರುಗೇಶನ ದೊಡ್ಡಪ್ಪ ಒಮ್ಮೆ ವಾಚು ನೋಡಿಕೊಂಡರು.

ಆಗ ಬಲಗಡೆಯಿಂದ ಸ್ಪಷ್ಟವಾಗಿ, ಲೊಚ್ ಲೊಚ್ ಲೊಚ್.

ಹಿಂದೆಯೇ, ಟಣ್.

“ಗೌಳಿ ನುಡೀತು,” ಅಂದರು ದೊಡ್ಡಪ್ಪ. “ಕೋಯಿಲ್ ಮಣಿನೂ ಅಡೀತು.” ಅಂದರೆ ಗುಡಿಯ ಗಂಟೆಯೂ ಬಾರಿಸಿತು. ಇದಕ್ಕಿಂತ ಶುಭ ಬೇಕೇ? ನಡುಮನೆಯಲ್ಲಿ ಒಮ್ಮೆಲೇ ಉಸಿರು ಬಂತು. ಫ್ಯಾನ್ ಹಾಕಿದರು. ಬೆಲ್ಲ ಹಂಚಿದರು. ವೀಳ್ಯ ಬದಲಾಯಿಸಿಕೊಂಡರು. ನಮ್ಮತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, “ನನ್ ಕೂಸಿಗೂ ಒಂದು ಗೌಳಿ ನುಡೀತಲ್ಲ,” ಅಂತ ಅತ್ತರು.

ನಾನು ರಾಜಿಯನ್ನು ನೋಡಿದೆ. ಅವಳು ನನ್ನನ್ನು ನೋಡಿದಳು. ರಂಗ ನೆಲ ನೋಡಿದ. ನಮ್ಮ ಮೂವರಿಗೂ ಆ ಟಣ್ ಯಾವುದೆಂದು ಗೊತ್ತಿತ್ತು. ಪಕ್ಕದ ಮನೆಯ ಮುತ್ತುಲಕ್ಷ್ಮಿ ಅಕ್ಕ ಕಿಟಕಿ ತೆರೆದಿಟ್ಟು ಸೀರಿಯಲ್ ನೋಡುತ್ತಿದ್ದರು. ಅವರ ಕಿಟಕಿ ಇರುವುದು ನಮ್ಮ ಬಲಗೋಡೆಯ ಕಡೆಗೇ.

ಅಡುಗೆಮನೆಯಲ್ಲಿ ರಾಜಿ ಕಾಫಿ ಸುರಿಯುತ್ತಿದ್ದಳು. ಅರ್ಧ ಲೋಟಕ್ಕೆ, ಅರ್ಧ ತಟ್ಟೆಗೆ.

“ಅಣ್ಣೀ, ಅದು ಗೌಳಿ ಅಲ್ಲ. ನಮ್ ಟೇಪು.”

“ಗೊತ್ತಾಯ್ತು ಕಣೆ. ಸುಮ್ನಿರು,” ಅಂದೆ ನಾನು. ನನಗೆ ಆ ಹೊತ್ತಿಗೆ ಹಲ್ಲಿ ಯಾವುದಾದರೇನು, ಅವಳ ಮದುವೆಯಾದರೆ ಸಾಕಿತ್ತು.

ರಂಗ ಹಿಂದೆಯೇ ಬಂದು ಬಾಗಿಲು ಎಳೆದುಕೊಂಡ. “ಅಕ್ಕಾ, ಬಾಯಿ ತೆರೀಬ್ಯಾಡ. ನಿನ್ ಕಾಲಿಗೆ ಬೀಳ್ತೀನಿ. ಯಾರಿಗೂ ತೆರಿಯಾದು.” ಯಾರಿಗೂ ಗೊತ್ತಾಗುವುದಿಲ್ಲ ಅಂತ.

“ನಂಗೆ ಗೊತ್ತಲ್ಲಪ್ಪ,” ಅಂದಳು ರಾಜಿ.

“ನೀನೇನು ಗೌಳಿನ ನಂಬ್ತೀಯಾ?”

“ನಾನು ನಂಬಲ್ಲ. ಅವ್ರು ನಂಬ್ತಾರೆ. ನಾಳೆ ಆ ಮನೇಲಿ ನಾನು ಉಂಡು ಮಲಗ್ಬೇಕು. ಅವ್ರನ್ನ ಏಮಾರ್ಸಿ ಹೆಂಗೆ ಉಣ್ಲಿ?” ಸೆರಗಿನಿಂದ ತಟ್ಟೆಯ ಕಾಫಿ ಒರೆಸಿದಳು. “ನನ್ನ ಒಪ್ಪಿದ್ದು ಅವ್ರಲ್ಲ ರಂಗ. ನಿನ್ ಟೇಪು ಒಪ್ಪೈತೆ.”

ನಾನು ಅವಳ ಕೈ ಹಿಡಿದುಕೊಂಡೆ. ತಡೆಯಲಿಕ್ಕೋ, ಧೈರ್ಯಕ್ಕೋ, ನನಗೇ ಗೊತ್ತಿಲ್ಲ. “ಮುರುಗೇಶ ಬೇಕು ತಾನೇ ನಿನಗೆ?” ಅಂತ ಕೇಳಿದೆ.

“ಬೇಕು ಅಣ್ಣೀ. ಬಾಳ ಬೇಕು.” ಕಣ್ಣು ತುಂಬಿಕೊಂಡಿತು. “ಅದಕ್ಕೇ.”

ತಟ್ಟೆ ಎತ್ತಿಕೊಂಡು ಹೊರಗೆ ಹೋಗಿಬಿಟ್ಟಳು. ಮೊದಲ ಲೋಟ ಅವ್ವನಿಗೆ. ಕೊಟ್ಟು, ಅಲ್ಲೇ ಮಂಡಿಯೂರಿ ಕೂತಳು.

“ಅವ್ವಾ, ಈಗ ನುಡಿದದ್ದು ನಿಜವಾದ ಗೌಳಿ ಅಲ್ಲ. ಪಕ್ಕದ ಮನೆ ಟೀವೀಲಿ ನಮ್ ಸೀರಿಯಲ್ ಓಡ್ತಾ ಐತೆ. ಅದ್ರ ಸದ್ದು ಅದು. ಆ ಮಣಿನೂ ಮಣಿ ಅಲ್ಲ. ನಮ್ಮಮ್ಮನ ಸೌಟು.”

ಬಾಯಲ್ಲಿ ಬೆಲ್ಲ ಇಟ್ಟುಕೊಂಡವರು ಅಗಿಯುವುದೋ ಬಿಡುವುದೋ ತಿಳಿಯದೆ ಕೂತರು. ನಮ್ಮತ್ತೆ ಮಗಳನ್ನು ನೋಡಿದ ನೋಟವನ್ನು ನಾನು ಬರೆಯಲಾರೆ.

ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು. “ಹಂಗಾದ್ರೆ ಈ ವೀಳ್ಯ ಸೆಲ್ಲಾದು,” ಅಂದರು. ನಡೆಯುವುದಿಲ್ಲ ಅಂತ ಅರ್ಥ. ಎದ್ದು ತಮ್ಮ ವೀಳ್ಯದ ತಟ್ಟೆಗೆ ಕೈ ಹಾಕಿದರು.

“ದೊಡ್ಡಪ್ಪಾ, ಒಸಿ ಇರಿ,” ಅಂದ ಮುರುಗೇಶ. ಅವತ್ತು ಅವನು ಬಾಯಿ ಬಿಟ್ಟಿದ್ದು ಅದೇ ಮೊದಲು. ಆಮೇಲೆ ಅವ್ವನ ಕಡೆ ತಿರುಗಿದ. ಲೇತ್ ಮುಂದೆ ಗಟ್ಟಿಗನಿರಬಹುದು, ಅಜ್ಜಿಯ ಮುಂದೆ ಎಲ್ಲ ಗಂಡಸರೂ ಅಷ್ಟೇ.

ಅವ್ವ ನಿಧಾನವಾಗಿ ಕಾಫಿ ಮುಗಿಸಿದಳು. ಲೋಟ ಕೆಳಗಿಟ್ಟಳು.

“ಎಲ್ರೂ ಕುಂತ್ಕಳ್ಳಿ,” ಅಂದಳು. “ಬಂದ ಕೆಲ್ಸ ಮುಗೀಲಿಲ್ಲ. ಫ್ಯಾನೂ ಪಕ್ಕದ ಮನೆ ಟೀವಿನೂ ನಿಲ್ಸಿ.”

ರಂಗನಿಗೆ ಗಾಬರಿಯಲ್ಲಿ ಪಕ್ಕದ ಮನೆ ಹೊಳೆಯಲಿಲ್ಲ. ಕಂಟ್ರೋಲ್ ರೂಮಿಗೆ ಓಡಿ ವೈರನ್ನೇ ಕಿತ್ತು ಬಂದ. ಇಡೀ ಊರಿನ ಕೇಬಲ್ ಹೋಯಿತು. ಕತೆ ನಡುವೆ ನಿಂತದ್ದಕ್ಕೆ ಜನ ಬೀದಿಗೆ ಬಂದರು. ಹೆಡ್‌ಮಾಸ್ಟರು, ಟೈಲರು, ಮುತ್ತುಲಕ್ಷ್ಮಿ ಅಕ್ಕ, ಎಲ್ಲ ನಮ್ಮ ಬಾಗಿಲಿಗೆ. “ಏನಾಚ್ಚು ರಂಗಾ?” ಅಂತ ಕೇಳಬಂದವರಿಗೆ ರಂಗ ಬಾಯ ಮೇಲೆ ಬೆರಳಿಟ್ಟು ಒಳಗೆ ತೋರಿಸಿದ. ವಿಷಯ ಪಿಸುಪಿಸು ಅಂತ ಹಿಂದೆ ಹಿಂದಕ್ಕೆ ಹೋಯಿತು. ಜನ ಹಾಗೇ ಜಗುಲಿಯ ಮೇಲೆ, ಮೆಟ್ಟಿಲ ಮೇಲೆ ಕೂತರು. ಯಾರೋ ಸೈಕಲ್ ಬೆಲ್ ಮಾಡಿದ್ದಕ್ಕೆ ಹೆಡ್‌ಮಾಸ್ಟರು ಕಣ್ಣಲ್ಲೇ ಗದರಿದರು.

ಬೀದಿಗೆ ಬೀದಿಯೇ ರಾಜಿಗಾಗಿ ಉಸಿರು ಹಿಡಿದು ಕೂತಿತ್ತು. ಅದೆಂಥ ಮೌನ ಅಂತೀರಿ. ನನಗೆ ಆ ಜನರ ಮೇಲೆಲ್ಲ ಒಮ್ಮೆಲೇ ಪ್ರೀತಿ ಉಕ್ಕಿತು.

ಹಲ್ಲಿಗೆ ಮಾತ್ರ ಉಕ್ಕಲಿಲ್ಲ. ಟ್ಯೂಬ್‌ಲೈಟಿನ ಹಿಂದಿನಿಂದ ಸ್ವಲ್ಪ ಈಚೆ ಬಂತು. ಬಾಲ ಆಡಿಸಿತು. ಒಂದು ನೊಣ ಹಿಡಿಯಿತು. ಮತ್ತೆ ಒಳಗೆ ಹೋಯಿತು. ನಿನ್ನ ವಂಶ ಹಾಳಾಗ ಅಂತ ಮನಸ್ಸಿನಲ್ಲೇ ಬೈದೆ.

ಹೊತ್ತು ಹೋಯಿತು. ದೊಡ್ಡಪ್ಪ ಕಣ್ಣು ಮುಚ್ಚಿ ಕೈಮುಗಿದು ಕೂತಿದ್ದರು. ಉಳಿದವರ ಕಣ್ಣು ಗೋಡೆ ಸೂರು ಹುಡುಕುತ್ತಿದ್ದವು. ಮುರುಗೇಶ ಮಾತ್ರ ಗೋಡೆ ನೋಡುತ್ತಿರಲಿಲ್ಲ. ರಾಜಿಯನ್ನು ನೋಡುತ್ತಿದ್ದ. ರಾಜಿ ಬಾಗಿಲಿಗೆ ಒರಗಿ ನಿಂತಿದ್ದಳು, ಆ ಲೋಟ ತೊಳೆದಿಟ್ಟ ದಿನಗಳ ಮುಖವೇ ಮೆಲ್ಲಗೆ ಬರುತ್ತಿತ್ತು. ಇನ್ನೇನು ಯಾರಾದರೂ ‘ಇನ್ನೊಂದು ದಿನ ಬರ್ತೀವಿ’ ಅನ್ನುತ್ತಾರೆ ಅನ್ನಿಸಿ ನಾನು ಮತ್ತೆ ಚಾಮುಂಡಿಗೆ ಕೈಮುಗಿದೆ.

ಲೊಚ್ ಲೊಚ್ ಲೊಚ್.

ಬಲಗಡೆಯಿಂದ. ಬಹಳ ಹತ್ತಿರದಿಂದ. ಎಷ್ಟು ಹತ್ತಿರ ಅಂದರೆ, ನನ್ನ ಕಿವಿಯ ಪಕ್ಕದಿಂದ.

ತಿರುಗಿ ನೋಡಿದೆ. ಅವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡಿದ್ದಳು. ಸೆರಗಿನ ಆಚೆ ಒಳಕ್ಕೆ ಹೋಗಿದ್ದ ಕೆನ್ನೆ ಆಗಷ್ಟೇ ಹೊರಗೆ ಬಂತು. ಮುಖದಲ್ಲಿ ದೇವರಂಥ ಗಾಂಭೀರ್ಯ.

ನೋಡಿದ್ದು ಯಾರು? ನಾನು. ಎದುರಿಗಿದ್ದ ರಾಜಿ. ಉಳಿದವರೆಲ್ಲ ಹಲ್ಲಿ ಹುಡುಕುತ್ತಿದ್ದರಲ್ಲ, ಮುದುಕಿಯನ್ನು ಯಾರು ನೋಡುತ್ತಾರೆ?

ರಾಜಿ ಬಾಯಿ ತೆರೆದಳು. ಈ ಹುಡುಗಿ ಇದನ್ನೂ ಹೇಳಿಬಿಡುತ್ತಾಳೆ.

ಅವ್ವ ಅವಳಿಗಿಂತ ಮುಂಚೆ ಮಾತಾಡಿದಳು. “ಏನ್ ಕಣ್ಣೂ, ಇದು ನಿಮ್ ಟೇಪಾ?”

ರಾಜಿ ಅವ್ವನನ್ನೇ ನೋಡಿದಳು. ಆಮೇಲೆ ಮೆಲ್ಲಗೆ, “ಇಲ್ಲವ್ವ,” ಅಂದಳು. “ಟೇಪಲ್ಲ.”

“ಟೀವಿನಾ?”

“ಟೀವೀನೂ ಅಲ್ಲವ್ವ.”

“ಕೇಳುಸ್ತಾ?” ಅಂತ ಅವ್ವ ದೊಡ್ಡಪ್ಪನ ಕಡೆ ತಿರುಗಿದಳು. “ನಿಜ ಹೇಳೋ ಹುಡುಗಿ ಹೇಳ್ತಾವ್ಳೆ. ವೀಳ್ಯ ಇಲ್ಲಿ ಕೊಡು.”

ಸುಳ್ಳು ಹೇಳಿದಳೇ ರಾಜಿ? ನೀವೇ ಹೇಳಿ. ಒಂದು ಅಕ್ಷರವೂ ಸುಳ್ಳಿಲ್ಲ. ಜಗುಲಿಯಲ್ಲಿ ಟೈಲರು ಕುಣಿದ. ರಂಗ ಓಡಿ ಹೋಗಿ ವೈರು ಸಿಕ್ಕಿಸಿದ. ಮುತ್ತುಲಕ್ಷ್ಮಿ ಅಕ್ಕ ಮನೆಗೆ ಹೋಗಿ ಉಳಿದ ಅರ್ಧ ಎಪಿಸೋಡು ನೋಡಿದರು. ಊಟಕ್ಕೆ ಎಲೆ ಹಾಕುವಾಗ ಮುರುಗೇಶ ರಾಜಿಯ ಹತ್ತಿರ ಬಂದು ಏನೋ ಕೇಳಿದ. ಗೌಳಿ ಯಂತ್ರದೊಳಗೆ ಏನಿಟ್ಟಿದ್ರಿ ಅಂತಲೇ ಇರಬೇಕು. ರಾಜಿ ನಕ್ಕಳು. ಆ ಮನೆಯಲ್ಲಿ ಇಷ್ಟು ವರ್ಷದಲ್ಲಿ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಸಂಜೆ ಅವ್ವನನ್ನು ಕೈಹಿಡಿದು ವ್ಯಾನಿಗೆ ಹತ್ತಿಸಿದ್ದು ನಾನೇ. ತಡೆಯಲಾಗಲಿಲ್ಲ. “ಅವ್ವಾ, ನಾನು ನೋಡಿದೆ,” ಅಂದೆ.

“ನೋಡು,” ಅಂದಳು. ಸೀಟಿನಲ್ಲಿ ಸರಿಯಾಗಿ ಕೂತುಕೊಂಡಳು. “ತನ್ ಬಾಳೇ ಮುರಿದು ಬೀಳ್ತದೆ ಅಂತ ಗೊತ್ತಿದ್ದೂ ನಿಜ ಹೇಳ್ದ ಹೆಣ್ಣು. ಅವಳ್ನ ಬಿಟ್ಟು ಹೋಗಕ್ಕೆ ನಂಗೇನು ಪೈತ್ಯ ಹಿಡಿದದ?”

“ಮತ್ತೆ ಹಲ್ಲಿ?”

“ಗೌಳಿಗೇನು ಗೊತ್ತಾಗ್ತದೆ ತಾಯಿ, ಯಾರ ಮನೇಲಿ ಯಾರು ಬಾಳ್ತಾರೆ ಅಂತ? ಅದು ಹುಳ ತಿನ್ನೋ ಜೀವ.” ಸ್ವಲ್ಪ ಬಗ್ಗಿ, ದನಿ ತಗ್ಗಿಸಿದಳು. “ನನ್ ಮದ್ವೇಗೆ ನಮ್ಮತ್ತೆ ನುಡಿದ್ರು. ನಾನೇ ನೋಡಿದೆ. ಗಂಡುಸ್ರಿಗೆ ಹೇಳ್ಬ್ಯಾಡ. ಅವ್ರು ಪಾವಂ, ಗೋಡೆ ನೋಡ್ತಾ ಇರ್ಲಿ.”

ವ್ಯಾನು ಹೊರಟಿತು.

ಎರಡು ದಿನದಿಂದ ಇದನ್ನೇ ಯೋಚಿಸುತ್ತಿದ್ದೇನೆ. ಹಲ್ಲಿಯನ್ನು ಪ್ರಶ್ನೆ ಮಾಡುವ ಧೈರ್ಯ ಆ ಹೆಂಗಸರಿಗೆ ಯಾರೂ ಕೊಡಲಿಲ್ಲ. ಮನೆಗೆ ಯಾರು ಬರಬೇಕು ಅಂತ ಅವರನ್ನು ಯಾರೂ ಕೇಳಲೂ ಇಲ್ಲ. ಗೋಡೆ ಪಕ್ಕ ಚಾಪೆ ಹಾಕಿ ಕೂರಿಸಿದರು. ಅವರು ಚಾಪೆಯ ಮೇಲೆ ಕೂತೇ, ಸೆರಗು ಬಾಯಿಗಿಟ್ಟುಕೊಂಡೇ, ತಮಗೆ ಬೇಕಾದ ಸೊಸೆಯನ್ನು ಆರಿಸಿಕೊಂಡು ಬಂದರು. ಲೊಚಗುಟ್ಟದೇ ಇರುವುದೂ ಅವರ ಕೈಯಲ್ಲೇ ಇತ್ತು ಅನ್ನುವುದು ನೆನಪಾದರೆ ಮಾತ್ರ, ರಾಜಿ ಕಾದ ಅಷ್ಟು ವರ್ಷಗಳಿಗಾಗಿ ಸಂಕಟವಾಗುತ್ತದೆ. ಆದರೆ ಒಬ್ಬ ಅವ್ವ ಬಂದಳಲ್ಲ. ತಡವಾಗಿಯಾದರೂ ಬಂದಳು.

ಮೈಸೂರಿಗೆ ವಾಪಸ್ ಬರುವ ಬಸ್ಸಿನಲ್ಲಿ ನನಗೆ ನನ್ನದೇ ಮದುವೆಯ ಮಾತುಕತೆ ನೆನಪಾಯಿತು. ನಮ್ಮದು ಕಾಲೇಜಿನಲ್ಲಿ ಹುಟ್ಟಿದ ಪ್ರೀತಿ. ಇವರ ಮನೆಯ ಗಂಡಸರಿಗೆ ಒಬ್ಬರಿಗೂ ಇಷ್ಟವಿರಲಿಲ್ಲ. ಗೌಳಿ ಒಪ್ಪದಿದ್ದರೆ ಅಲ್ಲಿಗೇ ಬಿಡಬೇಕು ಅಂತ ಮಾತಾಗಿ, ನಮ್ಮ ಮನೆಗೆ ಬಂದು ಪೂರ್ವಕ್ಕೆ ಮುಖ ಮಾಡಿ ಕೂತಿದ್ದರು. ಬೀಗರು ಬರುತ್ತಾರೆ ಅಂತ ನಮ್ಮಮ್ಮ ಹಿಂದಿನ ದಿನವೇ ಮನೆಗೆಲ್ಲ ಸುಣ್ಣ ಹೊಡೆಸಿ, ಒಂದು ಹಲ್ಲಿಯೂ ಉಳಿಯದಂತೆ ಪೊರಕೆಯಲ್ಲಿ ಓಡಿಸಿದ್ದಳು. ಆದರೂ ಬಲಗಡೆಯಿಂದ ಹಲ್ಲಿ ನುಡಿದಿತ್ತು. ಅಮ್ಮ ಇವತ್ತಿಗೂ ಅದನ್ನು ಪವಾಡ ಅನ್ನುತ್ತಾಳೆ.

ಅವತ್ತು ನಮ್ಮತ್ತೆ ಕೂತಿದ್ದು ಯಾವ ಗೋಡೆಯ ಪಕ್ಕ?